ಹೊಸ ಡಿಸ್ಕು ಕಾದಿದೆ, ಕಂಪ್ಯೂಟರ್ ಚಾಲೂ ಆಗುತ್ತಿಲ್ಲ: ಉಳವಿ ಸೀಮೆಯ ಗೆಳೆಯರಿಗೆ ಬಹಿರಂಗ ಪತ್ರ

ಉಳವಿ, ಗುಂದ, ಕುಂಬಾರವಾಡ, ಜೋಯಿಡಾ ಸುತ್ತಿನ ಶಾಲೆ, ಪಂಚಾಯತಿ, ಸಹಕಾರಿ ಸಂಘ, ಅರಣ್ಯ ಹಕ್ಕು ಸಮಿತಿ, ಫೋಟೊ ಸ್ಟುಡಿಯೊ, ಹೋಮ್‌ಸ್ಟೇಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಎಲ್ಲರಿಗೂ,

"ಹೊಸಾ ಡಿಸ್ಕರೀ, ಕೈ ಇಡಾಕ ಆಗೂದಿಲ್ಲ, ಅಷ್ಟ್ ಕಾದೈತಿ. ಕಂಪ್ಯೂಟರ್ ಚಾಲೂನೂ ಆಗವಲ್ದು." ದಾಂಡೇಲಿಯಲ್ಲಿ ರಿಪೇರಿ ಮೇಜಿನ ಹಿಂದೆ ಕೂತವರಿಗೆ ಈ ಮಾತು ವರ್ಷದಲ್ಲಿ ಎರಡು ಹಂಗಾಮಿನಲ್ಲಿ ಹೆಚ್ಚು ಕೇಳುತ್ತದೆ. ಮುಂಗಾರು ಹಿಡಿದಾಗ ಒಮ್ಮೆ, ಉಳವಿಯ ಭಾರತ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಇನ್ನೊಮ್ಮೆ. ಡಿಸ್ಕು ನನ್ನ ಕೈಗೆ ಬರುವಷ್ಟರಲ್ಲಿ ಅದಕ್ಕೆ ಆಗಬಾರದ ಉಪಚಾರವೆಲ್ಲ ಆಗಿರುತ್ತದೆ. ಮತ್ತೆ ಮತ್ತೆ ಸ್ವಿಚ್ ಒತ್ತಿ ನೋಡಿರುತ್ತಾರೆ. ಯಾರೋ ಹೇಳಿದರೆಂದು ಫ್ರಿಜ್‌ನಲ್ಲಿಟ್ಟು ತಂಪು ಮಾಡಿರುತ್ತಾರೆ. ಎಲ್ಲಕ್ಕಿಂತ ಸಂಕಟವಾಗುವುದು ಹಳೆಯ ಡಿಸ್ಕಿನ ಸುದ್ದಿ ಕೇಳಿದಾಗ. ಹೊಸದು ಬಂತಲ್ಲ ಎಂದು ಅದನ್ನು ಅಳಿಸಿ ಬೇರೆಯವರಿಗೆ ಕೊಟ್ಟುಬಿಟ್ಟಿರುತ್ತಾರೆ.

ಬೆಂಗಳೂರಿನಲ್ಲಿ ಡಿಸ್ಕು ಕೆಟ್ಟರೆ ಸಂಜೆಯೊಳಗೆ ಇನ್ನೊಂದು ಸಿಗುತ್ತದೆ. ಉಳವಿಯಿಂದ ಹೊರಟವರು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು ದಾಟಿ ಜೋಯಿಡಾಕ್ಕೆ, ಅಲ್ಲಿಂದ ದಾಂಡೇಲಿಗೆ ಬರಬೇಕು. ಅಲ್ಲೂ ಸಿಗದಿದ್ದರೆ ಹುಬ್ಬಳ್ಳಿ, ಬೆಳಗಾವಿ. ಖರ್ಚು, ಓಡಾಟ ಒಂದು ಕಡೆ. ನನಗೆ ಹೆಚ್ಚು ಚಿಂತೆ ಆ ಡಿಸ್ಕಿನಲ್ಲಿ ಏನಿದೆ ಎಂಬುದರದ್ದು. 2000ದಲ್ಲಿ ಶುರುವಾದ ಭೂಮಿ ಯೋಜನೆಯಿಂದ ನಮ್ಮ ಪಹಣಿಗಳು ಸರ್ಕಾರದ ಸರ್ವರಿನಲ್ಲಿ ಭದ್ರವಾಗಿವೆ. ಇಲ್ಲಿ ಯಾರ ಡಿಸ್ಕು ಸುಟ್ಟರೂ ಪಹಣಿ ಹೋಗುವುದಿಲ್ಲ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ ಕುಣಬಿ, ಗೌಳಿ, ಸಿದ್ದಿ ಕುಟುಂಬಗಳ ಕಾಗದಪತ್ರದ ಸ್ಕ್ಯಾನು, ಜಿಪಿಎಸ್ ನಕ್ಷೆ, ಹಿರಿಯರ ಹೇಳಿಕೆಯ ವಿಡಿಯೊ? ಸೂಪಾ ಜಲಾಶಯದಲ್ಲಿ ಮುಳುಗಿದ ಊರುಗಳ ಹಳೆಯ ಫೋಟೊ? ಗೆಡ್ಡೆ ಗೆಣಸು ಬೆಳೆಯುವ ಅಜ್ಜಿಯರು ಹೇಳಿದ ತಳಿಗಳ ಹೆಸರು? ಇವೆಲ್ಲ ಯಾವ ಸರ್ವರಿನಲ್ಲೂ ಇಲ್ಲ. ಯಾವುದೋ ಒಂದು ಕೋಣೆಯ ಒಂದೇ ಡಿಸ್ಕಿನಲ್ಲಿರುತ್ತವೆ.

ಅದಕ್ಕಾಗಿಯೇ ಈ ಪತ್ರ. ಡಿಸ್ಕು ಕಾಯುವುದು ಒಂದು ದೂರು, ಕಂಪ್ಯೂಟರ್ ಚಾಲೂ ಆಗದಿರುವುದು ಇನ್ನೊಂದು ದೂರು. ಕೆಲವೊಮ್ಮೆ ಎರಡಕ್ಕೂ ಬೇರು ಒಂದೇ ಇರುತ್ತದೆ. ಬಹಳ ಸಲ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಎರಡನ್ನೂ ಸೇರಿಸಿ "ಡಿಸ್ಕು ಸುಟ್ಟಿತು" ಎಂದು ತೀರ್ಮಾನಿಸಿದ ಮೇಲೆ ಮುಂದಿನ ಹೆಜ್ಜೆಗಳೆಲ್ಲ ತಪ್ಪುತ್ತವೆ. ಬಿಡಿಸಿ ನೋಡಿದರೆ ಅರ್ಧದಷ್ಟು ಡಿಸ್ಕುಗಳನ್ನು ನೀವೇ ನಿಮ್ಮ ಊರಲ್ಲೇ ಸರಿಮಾಡಿಕೊಳ್ಳಬಹುದು ಎಂದು ನಾನು ನಂಬಿದ್ದೇನೆ.

ಮೊದಲ ಕೆಲಸ, ಬಂದ್ ಮಾಡುವುದು. ಗೋಡೆಯ ಪ್ಲಗ್ಗನ್ನೇ ಕಿತ್ತುಬಿಡಿ. ಮೂರೂವರೆ ಇಂಚಿನ ಡಿಸ್ಕಿಗೆ ಅತಿ ಕಷ್ಟದ ಗಳಿಗೆ ಎಂದರೆ ನಿಂತಲ್ಲಿಂದ ತಿರುಗಲು ಶುರುಮಾಡುವ ಕೆಲವು ಸೆಕೆಂಡು. ಆಗ ಅದು 12 ವೋಲ್ಟಿನ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ವೇಗ ಹಿಡಿದ ಮೇಲೆ ಅದರ ಕಾಲುಭಾಗದಷ್ಟು ಸಾಕು. ಒಳಗೆ ಓದುವ ತಲೆ ತಟ್ಟೆಗೆ ತಾಗದೆ ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತಿರುತ್ತದೆ. ಸರಿಯಾಗಿ ಕರೆಂಟು ಸಿಗದ ಡಿಸ್ಕು ತಿರುಗಲು ಹೊರಟು, ನಿಂತು, ಮತ್ತೆ ಹೊರಡುತ್ತದೆ. ನೀವು ಸ್ವಿಚ್ ಒತ್ತಿದಷ್ಟೂ ಸಲ ಆ ಕಷ್ಟವನ್ನೇ ಅದಕ್ಕೆ ಮತ್ತೆ ಕೊಡುತ್ತೀರಿ, ಕಾವು ಏರುತ್ತದೆ.

ಎರಡನೆಯದಾಗಿ, ಕಾವನ್ನು ಅಂಗೈಯಿಂದ ಅಳೆಯಬೇಡಿ. ಸಾಮಾನ್ಯ ಡಿಸ್ಕುಗಳಿಗೆ ತಯಾರಕರು ಹೇಳುವ ಮಿತಿ 0ಯಿಂದ 60 ಡಿಗ್ರಿ ಸೆಲ್ಸಿಯಸ್. 50 ಡಿಗ್ರಿಯ ಲೋಹ ನಮ್ಮ ಬೆರಳಿಗೆ ಸುಟ್ಟಂತೆಯೇ ಅನಿಸುತ್ತದೆ, ಡಿಸ್ಕಿಗೆ ಅದು ಇನ್ನೂ ಮಿತಿಯೊಳಗೆ. ನಿಮಿಷಕ್ಕೆ 7200 ಸುತ್ತು ತಿರುಗುವ ಹೊಸ ಡಿಸ್ಕು ನಿಮ್ಮ ಹಳೆಯ 5400 ಸುತ್ತಿನದಕ್ಕಿಂತ ಬೆಚ್ಚಗಿರುವುದು ಸಹಜ. ಹಾಗಾಗಿ ಸಂಖ್ಯೆ ಬೇಕು. ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಎನ್ನುತ್ತಾರೆ. ಅದರ 194ನೇ ಸಾಲಿನಲ್ಲಿ ಉಷ್ಣತೆ ಇರುತ್ತದೆ. ಆ ಕಂಪ್ಯೂಟರ್ ಚಾಲೂ ಆಗದಿದ್ದರೂ ಇದನ್ನು ಓದಬಹುದು. ಇನ್ನೊಂದು ಕಂಪ್ಯೂಟರಿಗೆ ಎರಡನೇ ಡಿಸ್ಕಾಗಿ ಜೋಡಿಸಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ತೆರೆಯಿರಿ. ಇಲ್ಲವೇ ಪೆನ್‌ಡ್ರೈವ್‌ನಿಂದ ಉಬುಂಟು ಚಾಲೂ ಮಾಡಿ ಅದರ ಡಿಸ್ಕ್ಸ್ ಎಂಬ ಕಿಟಕಿಯಲ್ಲಿ ನೋಡಿ. 45ರ ಕೆಳಗಿದ್ದರೆ ನೆಮ್ಮದಿಯಿಂದಿರಿ. 50 ದಾಟಿದರೆ ಗಾಳಿಯ ದಾರಿ ನೋಡಿ. 60ರ ಹತ್ತಿರ ಹೋದರೆ ಬಂದ್ ಮಾಡಿ.

ಗಾಳಿಯ ವಿಷಯ ಬಂದಿದ್ದರಿಂದ ನಮ್ಮ ಕಡೆಯ ಕೆಲವು ರೂಢಿಗಳನ್ನು ಹೇಳಲೇಬೇಕು. ಮಳೆಗಾಲದಲ್ಲಿ ಹಂಚು ಸೋರುತ್ತದೆಂದು ಸಿಪಿಯು ಡಬ್ಬಿಗೆ ಪ್ಲಾಸ್ಟಿಕ್ ಹೊದಿಸುತ್ತೇವೆ, ಅದನ್ನು ತೆಗೆಯದೆಯೇ ಚಾಲೂ ಮಾಡುತ್ತೇವೆ. ಇಲಿ ವೈರು ಕಡಿಯುತ್ತದೆಂದು ಕಟ್ಟಿಗೆಯ ಕಪಾಟಿನಲ್ಲಿಟ್ಟು ಬಾಗಿಲು ಹಾಕುತ್ತೇವೆ. ಹೋಮ್‌ಸ್ಟೇಗಳಲ್ಲಿ ಸಿಸಿಟಿವಿಯ ಡಿವಿಆರ್ ಪೆಟ್ಟಿಗೆಯನ್ನು ಕಾಣಬಾರದೆಂದು ಅಲಮಾರಿಯ ಮೂಲೆಗೆ ತಳ್ಳಿ, ಅದರ ಮೇಲೆ ವೈಫೈ ರೌಟರ್, ಅದರ ಮೇಲೆ ಇನ್ವರ್ಟರಿನ ಬಿಲ್ಲುಗಳು. ಡಿವಿಆರ್‌ನ ಡಿಸ್ಕು ಹಗಲು ರಾತ್ರಿ ಬರೆಯುತ್ತಲೇ ಇರುತ್ತದೆ, ಅದಕ್ಕೆ ಬಿಡುವೇ ಇಲ್ಲ. ಹೊರಗೆ ಜಡಿಮಳೆ, ಮೈಗೆ ಚಳಿ, ಆದರೂ ಆ ಪೆಟ್ಟಿಗೆಯೊಳಗೆ ಬೇಸಿಗೆ. ಅದನ್ನು ಈಚೆ ತನ್ನಿ, ನಾಲ್ಕೂ ಕಡೆ ಒಂದು ಗೇಣು ಜಾಗ ಬಿಡಿ. ಡಬ್ಬಿಯ ಫ್ಯಾನು ತಿರುಗುತ್ತಿದೆಯೇ, ಕೆಂಪು ಧೂಳು ಕಟ್ಟಿದೆಯೇ, ಇರುವೆ ಗೂಡು ಕಟ್ಟಿದೆಯೇ ನೋಡಿ. ಎರಡು ಡಿಸ್ಕು ಒಂದರ ಮೇಲೊಂದು ಅಂಟಿಕೊಂಡಿದ್ದರೆ ನಡುವೆ ಒಂದು ಮನೆ ಖಾಲಿ ಬಿಟ್ಟು ಕೂರಿಸಿ. ಹೊರಗಿಟ್ಟು ಬಳಸುವ ಡಿಸ್ಕನ್ನು ಹಾಸಿಗೆ, ಕಂಬಳಿ, ಸ್ಪಂಜಿನ ಮೇಲೆ ಇಡಬೇಡಿ. ನೀವು ಕೊಂಡದ್ದು ತಿರುಗುವ ಡಿಸ್ಕಲ್ಲದೆ ಎಂ.2 ಎಂಬ ಚಪ್ಪಟೆ ಎಸ್‌ಎಸ್‌ಡಿ ಆಗಿದ್ದರೆ ಅದರ ಲೆಕ್ಕ ಬೇರೆ. ಭಾರೀ ಕೆಲಸದಲ್ಲಿ ಅದು 70 ಡಿಗ್ರಿ ಮುಟ್ಟಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅದರ ನೆತ್ತಿಗೆ ಒಂದು ಲೋಹದ ಪಟ್ಟಿ ಅಂಟಿಸಿದರೆ ಸಾಮಾನ್ಯವಾಗಿ ಸಾಕು.

ಗಾಳಿ ಸರಿಮಾಡಿದರೂ ಕಾವು ಇಳಿಯದಿದ್ದರೆ, ಅಥವಾ ಡಿಸ್ಕು ತಿರುಗಿ ನಿಂತು ತಿರುಗಿ ನಿಂತು ಮಾಡುತ್ತಿದ್ದರೆ, ಕರೆಂಟಿನ ಕಡೆ ತಿರುಗಿ. ನಮ್ಮ ಸೀಮೆಯ ದೂರುಗಳಲ್ಲಿ ನಾನು ಮೊದಲು ಸಂಶಯಪಡುವುದು ಇದನ್ನೇ.

ನಮ್ಮ ಕಾಳಿ ನದಿಯ ಮೇಲೆ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ವಿದ್ಯುದಾಗಾರಗಳಿವೆ. ಅದೇ ಕಾಳಿಯ ದಂಡೆಯಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರ ಇದೆ. ಅದರ ಮೊದಲನೇ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ಓಡಿತು, ಆಗ ಅದು ವಿಶ್ವದಾಖಲೆ. ಆದರೆ ಇಲ್ಲಿ ಹುಟ್ಟಿದ ವಿದ್ಯುತ್ತು ದೊಡ್ಡ ಜಾಲಕ್ಕೆ ಸೇರಿ, ಆಮೇಲೆ ಕಾಡಿನ ನಡುವಿನ ಉದ್ದನೆಯ ಲೈನುಗಳಲ್ಲಿ ನಮ್ಮ ಊರಿಗೆ ಬರುತ್ತದೆ. ಲೈನು ಉದ್ದವಾದಷ್ಟೂ ತುದಿಯಲ್ಲಿ ವೋಲ್ಟೇಜ್ ಸೊರಗುತ್ತದೆ. ಮಳೆಗಾಳಿಗೆ ಟೊಂಗೆ ತಾಗಿದರೆ ಹೋಗಿ ಬಂದು ಮಾಡುತ್ತದೆ. ಜಾತ್ರೆಯ ದಿನಗಳಲ್ಲಿ ಚಕ್ಕಡಿ ಕಟ್ಟಿಕೊಂಡು ಬಂದ ಭಕ್ತರ ಬಿಡಾರ, ಅಂಗಡಿ, ದೀಪ, ಮೈಕು ಎಲ್ಲ ಸೇರಿದಾಗ ಲೋಡು ಏರುತ್ತದೆ. 230 ಇರಬೇಕಾದ ವೋಲ್ಟೇಜ್ ಬಹಳ ಇಳಿದರೆ ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಅಗ್ಗದ ಎಸ್‌ಎಂಪಿಎಸ್ ಪೆಟ್ಟಿಗೆ ಡಿಸ್ಕಿಗೆ ಕೊಡಬೇಕಾದ 12 ವೋಲ್ಟನ್ನು ಕೊಡಲಾರದೆ ಹೋಗುತ್ತದೆ. ಅದು 11.4ರಿಂದ 12.6ರ ನಡುವೆ, 5 ವೋಲ್ಟಿನ ತಂತಿ 4.75ರಿಂದ 5.25ರ ನಡುವೆ ಇರಬೇಕು. ಪಂಪ್‌ಸೆಟ್ ನೋಡುವವರ ಹತ್ತಿರ ಇರುವ ಮಲ್ಟಿಮೀಟರಿನಿಂದಲೇ ಇದನ್ನು ಅಳೆಯಬಹುದು. ಹಳದಿ ತಂತಿ 12, ಕೆಂಪು 5, ಕಪ್ಪು ನೆಲ. ಡಿಸ್ಕು ತಿರುಗಲು ಶುರುವಾಗುವ ಗಳಿಗೆಯಲ್ಲಿ ಮುಳ್ಳು ಎಷ್ಟಕ್ಕೆ ಇಳಿಯುತ್ತದೆ ನೋಡಿ, ಸುಮ್ಮನಿದ್ದಾಗಿನ ಅಳತೆ ಸಾಲದು. ಇಳಿದರೆ ಡಿಸ್ಕನ್ನು ದೂರಬೇಡಿ, ಎಸ್‌ಎಂಪಿಎಸ್ ಬದಲಿಸಿ.

ಹಳೆಯ ಕಂಪ್ಯೂಟರಿಗೆ ಹೊಸ ಡಿಸ್ಕು ಹಾಕುವಾಗ ತಂತಿ ಹೊಂದುವುದಿಲ್ಲವೆಂದು ನಾಲ್ಕು ಪಿನ್ನಿನ ಮೊಲೆಕ್ಸ್‌ನಿಂದ ಸಾಟಾಕ್ಕೆ ಬದಲಿಸುವ ಕನೆಕ್ಟರ್ ಸಿಕ್ಕಿಸುತ್ತೇವೆ. ಅದರಲ್ಲಿ ಎರಡು ಬಗೆ. ತಂತಿಗಳನ್ನು ಒಂದೊಂದಾಗಿ ಒತ್ತಿ ಕೂರಿಸಿದ್ದು ಒಂದು. ತಂತಿಯ ತುದಿಯನ್ನು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದಿದ್ದು ಇನ್ನೊಂದು. ಎರಡನೆಯ ಬಗೆಯಲ್ಲಿ ಒಳಗೆ ತಂತಿಗಳು ಒಂದಕ್ಕೊಂದು ಹತ್ತಿರ ಬಂದು ಕರಗಿ ಬೆಂಕಿ ಹತ್ತಿದ ಉದಾಹರಣೆಗಳು ಜಗತ್ತಿನಾದ್ಯಂತ ಇವೆ. ಕಾವು ಡಿಸ್ಕಿನ ಮೈಯಲ್ಲಿಲ್ಲದೆ ಕನೆಕ್ಟರಿನ ಹತ್ತಿರ ಇದ್ದರೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ, ಆ ಕ್ಷಣವೇ ಕಿತ್ತು ಎಸೆಯಿರಿ.

ಇನ್ನೊಂದು ಅಪಾಯ ನಮ್ಮ ಮನೆಗಳಲ್ಲಿ ಎಲ್ಲ ಅಡಾಪ್ಟರುಗಳೂ ಒಂದೇ ಬುಟ್ಟಿಯಲ್ಲಿರುವುದು. ಹೊರಗಿಡುವ ದೊಡ್ಡ ಡಿಸ್ಕಿಗೆ 12 ವೋಲ್ಟಿನ ಅಡಾಪ್ಟರ್ ಬೇಕು. ಲ್ಯಾಪ್‌ಟಾಪಿನದು 19 ವೋಲ್ಟಿನದು, ತುದಿ ಒಂದೇ ಥರ ಇದ್ದರೆ ಸಲೀಸಾಗಿ ಸಿಕ್ಕಿಕೊಳ್ಳುತ್ತದೆ. ಹಾಗಾದಾಗ ಡಿಸ್ಕಿನ ಸರ್ಕ್ಯೂಟ್ ಹಲಗೆಯ ಮೇಲಿನ ಟಿವಿಎಸ್ ಎಂಬ ಸಣ್ಣ ಡಯೋಡ್ ತಾನು ಸುಟ್ಟುಕೊಂಡು ಉಳಿದುದನ್ನು ಕಾಪಾಡಲು ನೋಡುತ್ತದೆ. ಅಂಥ ಡಿಸ್ಕನ್ನು ಕಂಪ್ಯೂಟರಿನೊಳಗೆ ಜೋಡಿಸಿದರೆ ಇಡೀ ಕಂಪ್ಯೂಟರೇ ಚಾಲೂ ಆಗುವುದಿಲ್ಲ, ಬಿಚ್ಚಿದರೆ ಆಗುತ್ತದೆ. ಇದು ಕಂಡರೆ ಡಿಸ್ಕನ್ನು ಎಸೆಯಬೇಡಿ. ಒಳಗಿನ ಮಾಹಿತಿ ಬಹುಪಾಲು ಹಾಗೆಯೇ ಇರುತ್ತದೆ, ತಿಳಿದವರು ಆ ಡಯೋಡ್ ನೋಡಿ ಸರಿಮಾಡಬಲ್ಲರು. ಮನೆಗೆ ಹೋದೊಡನೆ ಒಂದು ಮಾರ್ಕರ್ ತೆಗೆದುಕೊಂಡು ಪ್ರತಿ ಅಡಾಪ್ಟರಿನ ಮೇಲೆ ಅದು ಯಾವುದರದ್ದು ಎಂದು ಬರೆಯಿರಿ.

ಎರಡೂವರೆ ಇಂಚಿನ ಪುಟ್ಟ ಡಿಸ್ಕಿಗೆ ಯುಎಸ್‌ಬಿಯೇ ಆಧಾರ. ಯುಎಸ್‌ಬಿ 2 ಕೊಡುವುದು 500 ಮಿಲಿ ಆಂಪಿಯರ್, ಯುಎಸ್‌ಬಿ 3 ಕೊಡುವುದು 900. ಉದ್ದನೆಯ ಅಗ್ಗದ ಕೇಬಲ್, ಕಂಪ್ಯೂಟರಿನ ಮುಂಭಾಗದ ಹಳೆಯ ಕಿಂಡಿ, ಇವು ಸೇರಿದರೆ ಡಿಸ್ಕು ಟಿಕ್ ಟಿಕ್ ಎನ್ನುತ್ತದೆಯೇ ಹೊರತು ತಿರುಗುವುದಿಲ್ಲ. ಗಿಡ್ಡ ಕೇಬಲಿನಿಂದ ಹಿಂಭಾಗದ ಕಿಂಡಿಗೆ ಹಾಕಿ ನೋಡಿ.

ಅರ್ಥಿಂಗ್ ಇಲ್ಲದ ಮನೆಗಳು ನಮ್ಮಲ್ಲಿ ಇನ್ನೂ ಬಹಳ. ಸಿಪಿಯು ಡಬ್ಬಿ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಹಾಗಿದ್ದರೆ ಹೊಸ ಡಿಸ್ಕಿಗಿಂತ ಮೊದಲು ನೆಲದಲ್ಲಿ ಸರಿಯಾದ ಅರ್ಥಿಂಗ್ ಹಾಕಿಸಿ, ಅದು ನಿಮ್ಮ ಜೀವದ ಪ್ರಶ್ನೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಮೋಡ ಕಟ್ಟಿದ ಕೂಡಲೇ ಪ್ಲಗ್ಗು ಕೀಳಿರಿ, ಫೋನ್ ಲೈನು ಅಥವಾ ನೆಟ್ ಕೇಬಲ್ ಇದ್ದರೆ ಅದನ್ನೂ. ಕರೆಂಟು ಹೋಗಿ ಬಂದಾಗ ಐದು ನಿಮಿಷ ಬಿಟ್ಟು ಚಾಲೂ ಮಾಡಿ.

ಈಗ ತೇವದ ಮಾತು. ಕಾವು ಡಿಸ್ಕಿನ ಶತ್ರು ಎಂದು ಎಲ್ಲರೂ ಹೇಳುತ್ತಾರೆ. ಆದರೆ 2007ರಲ್ಲಿ ಗೂಗಲ್‌ನ ಪಿನೈರೊ, ವೆಬರ್, ಬರೋಸೊ ಎಂಬ ಮೂವರು ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಲೆಕ್ಕ ಪ್ರಕಟಿಸಿದರು. ಸಾಧಾರಣ ಮಟ್ಟದ ಕಾವಿಗೂ ಡಿಸ್ಕು ಕೆಡುವುದಕ್ಕೂ ಎಲ್ಲರೂ ಅಂದುಕೊಂಡಷ್ಟು ಗಟ್ಟಿ ನಂಟು ಅವರಿಗೆ ಕಾಣಲಿಲ್ಲ. ಅತಿಯಾದ ಕಾವಿನಲ್ಲಿ, ಅದೂ ವಯಸ್ಸಾದ ಡಿಸ್ಕುಗಳಲ್ಲಿ, ಅದು ಎದ್ದು ಕಂಡಿತು. 2016ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನವರು ಒಂಬತ್ತು ಡೇಟಾ ಸೆಂಟರುಗಳ ಹತ್ತು ಲಕ್ಷಕ್ಕೂ ಮಿಕ್ಕ ಡಿಸ್ಕುಗಳನ್ನು ನೋಡಿ ಹೇಳಿದ್ದು ನಮಗೆ ನೇರ ತಾಗುವ ಮಾತು. ಹೊರಗಿನ ಗಾಳಿಯಿಂದಲೇ ತಂಪಾಗುವ ಕಡೆಗಳಲ್ಲಿ ಉಷ್ಣತೆಗಿಂತ ಗಾಳಿಯ ತೇವಾಂಶವೇ ಡಿಸ್ಕು ಕೆಡಲು ಹೆಚ್ಚು ಕಾರಣವಾಗಿತ್ತು. ಉಳವಿಯ ಮಳೆಗಾಲ ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ, ಚರ್ಮದ ಚಪ್ಪಲಿಗೆ ಬೂಷ್ಟು ಬರುತ್ತದೆ. ಅದೇ ಗಾಳಿ ಡಿಸ್ಕಿನ ಹಸಿರು ಹಲಗೆಯ ಮೇಲೂ ಕೂರುತ್ತದೆ, ಕನೆಕ್ಟರಿನ ಪಿನ್ನುಗಳ ಮೇಲೂ.

ಬಹುಪಾಲು ಡಿಸ್ಕುಗಳ ಮೇಲೆ ಒಂದು ಸಣ್ಣ ತೂತು ಇರುತ್ತದೆ, ಮುಚ್ಚಬೇಡಿ ಎಂದು ಪಕ್ಕದಲ್ಲಿ ಬರೆದಿರುತ್ತದೆ. ಒಳಗಿನ, ಹೊರಗಿನ ಗಾಳಿಯ ಒತ್ತಡ ಸರಿದೂಗಿಸಲು ಅದು ಬೇಕು. ಹೀಲಿಯಂ ತುಂಬಿದ ದೊಡ್ಡ ಡಿಸ್ಕುಗಳು ಮಾತ್ರ ಪೂರ್ತಿ ಮುಚ್ಚಿರುತ್ತವೆ. ತೇವ ಬಾರದಿರಲೆಂದು ಆ ತೂತಿಗೆ ಟೇಪು ಹಚ್ಚಬೇಡಿ. ಮಳೆಯಲ್ಲಿ ಬಸ್ಸಿನಲ್ಲೋ ಬೈಕಿನಲ್ಲೋ ತಂದ ಹೊಸ ಡಿಸ್ಕನ್ನು ಬಂದ ಗಳಿಗೆಯಲ್ಲೇ ಜೋಡಿಸಬೇಡಿ. ಅದರ ಚೀಲದಲ್ಲೇ ಒಂದು ರಾತ್ರಿ ಕೋಣೆಯಲ್ಲಿಡಿ, ಕೋಣೆಯ ಉಷ್ಣತೆಗೆ ಹೊಂದಿಕೊಳ್ಳಲಿ. ಫ್ರಿಜ್‌ನಲ್ಲಿಟ್ಟು ತೆಗೆಯುವ ಉಪಾಯ ನಮ್ಮ ಹವೆಯಲ್ಲಿ ನೇರವಾಗಿ ಡಿಸ್ಕನ್ನು ಕೊಲ್ಲುತ್ತದೆ. ತಣ್ಣಗಾದ ಲೋಹದ ಮೇಲೆ ಕ್ಷಣದಲ್ಲಿ ನೀರು ಹನಿಗಟ್ಟುತ್ತದೆ, ಒಳಗಿನ ತಟ್ಟೆಯ ಮೇಲೂ ಕಟ್ಟಬಹುದು. ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿಡುವವರಿಗೂ ಇದೇ ವಿನಂತಿ, ಹೊಗೆಯ ಜಿಡ್ಡು ಪಿನ್ನುಗಳಿಗೆ ಹತ್ತುತ್ತದೆ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಟ್ಟರೆ ಬಳಸದ ಡಿಸ್ಕು ಮಳೆಗಾಲ ದಾಟುತ್ತದೆ.

ಇಷ್ಟು ಕಾವಿನ ಕಥೆ. ಇನ್ನು ಚಾಲೂ ಆಗದಿರುವುದು.

ಕಂಪ್ಯೂಟರಿನ ಸ್ವಿಚ್ ಒತ್ತಿದೊಡನೆ ಎಫ್2 ಅಥವಾ ಡಿಲೀಟ್ ಕೀಲಿ ಒತ್ತಿ ಬಯೋಸ್ ಪರದೆಗೆ ಹೋಗಿ. ಅಲ್ಲಿ ಹೊಸ ಡಿಸ್ಕಿನ ಹೆಸರು, ಅದರ ಪೂರ್ತಿ ಸಾಮರ್ಥ್ಯ ಸರಿಯಾಗಿ ಕಾಣುತ್ತಿದೆಯೇ? ಈ ಒಂದು ಪ್ರಶ್ನೆಯಿಂದ ಅರ್ಧ ದಾರಿ ಕಳೆಯುತ್ತದೆ. ಡಿಸ್ಕು ತನ್ನನ್ನು ನಡೆಸುವ ತಂತ್ರಾಂಶದ ಒಂದು ಭಾಗವನ್ನು ತನ್ನದೇ ತಟ್ಟೆಗಳ ಮೇಲೆ ಇಟ್ಟುಕೊಂಡಿರುತ್ತದೆ. ಹೆಸರು, ಸಾಮರ್ಥ್ಯ ಸರಿಯಾಗಿ ಬಂತೆಂದರೆ ಮೋಟರು ತಿರುಗಿದೆ, ತಲೆ ಓದಿದೆ, ಹಲಗೆ ಮಾತಾಡಿದೆ ಎಂದು ಬಹುಮಟ್ಟಿಗೆ ನಂಬಬಹುದು. ಆಗ ತೊಂದರೆ ಇರುವುದು ಅದರ ಮೇಲೆ ಬರೆದ ಮಾಹಿತಿಯಲ್ಲಿ ಅಥವಾ ಕಂಪ್ಯೂಟರಿನ ಹೊಂದಿಕೆಯಲ್ಲಿ.

ಹೊಸ ಡಿಸ್ಕು ಖಾಲಿ ಇರುತ್ತದೆ, ಅದರಲ್ಲಿ ವಿಂಡೋಸ್ ಇರುವುದಿಲ್ಲ. ಇದು ಗೊತ್ತಿಲ್ಲದೆ ಗಾಬರಿಯಾದವರು ಎಷ್ಟೋ ಜನ. "ನೋ ಬೂಟಬಲ್ ಡಿವೈಸ್" ಎಂಬ ಸಾಲು ಬಂದರೆ ಡಿಸ್ಕು ಕೆಟ್ಟಿದೆ ಎಂದಲ್ಲ, ಚಾಲೂ ಮಾಡಲು ಬೇಕಾದ್ದು ಅಲ್ಲಿಲ್ಲ ಎಂದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಹೊಸ ಡಿಸ್ಕು ಹಾಕಿ ವಿಂಡೋಸ್ 11 ಮಾಡಿಕೊಳ್ಳುವವರು ಹೆಚ್ಚಾಗಿದ್ದಾರೆ. ಅದಕ್ಕೆ ಯುಇಎಫ್‌ಐ ಎಂಬ ಹೊಸ ಬಗೆಯ ಬಯೋಸ್ ಮತ್ತು ಜಿಪಿಟಿ ಎಂಬ ಡಿಸ್ಕಿನ ವಿಭಜನೆ ಬೇಕು. ಡಿಸ್ಕು ಹಳೆಯ ಎಂಬಿಆರ್ ಪದ್ಧತಿಯಲ್ಲಿದ್ದು ಬಯೋಸ್ ಯುಇಎಫ್‌ಐನಲ್ಲಿದ್ದರೆ, ಅಥವಾ ಇದು ತಿರುಗುಮುರುಗಾಗಿದ್ದರೆ, ಎರಡೂ ಸರಿಯಿದ್ದೂ ಒಂದನ್ನೊಂದು ಗುರುತಿಸುವುದಿಲ್ಲ. ಎಂಬಿಆರ್‌ಗೆ 2 ಟೆರಾಬೈಟಿನ ಆಚೆ ಲೆಕ್ಕವೇ ಬಾರದು. ಹತ್ತು ಹದಿನೈದು ವರ್ಷದ ಹಿಂದಿನ ಕಂಪ್ಯೂಟರಿಗೆ 4 ಟೆರಾಬೈಟಿನ ಡಿಸ್ಕು ತಂದಿದ್ದರೆ ಚಾಲೂ ಮಾಡಲು ಸಣ್ಣದೊಂದು ಎಸ್‌ಎಸ್‌ಡಿ ಇರಲಿ, ದೊಡ್ಡದು ಎರಡನೆಯದಾಗಿ ಮಾಹಿತಿಗೆ ಇರಲಿ. ಬಯೋಸ್‌ನ ಬೂಟ್ ಕ್ರಮದಲ್ಲಿ ಯಾವುದು ಮೊದಲಿದೆ ಎಂದೂ ನೋಡಿ, ಮರೆತುಹೋದ ಪೆನ್‌ಡ್ರೈವ್ ಮೊದಲಿದ್ದರೂ ಕಂಪ್ಯೂಟರ್ ಅಲ್ಲೇ ನಿಲ್ಲುತ್ತದೆ.

ಹಳೆಯದನ್ನು ಹೊಸದಕ್ಕೆ ಹಾಗೆಯೇ ನಕಲು ಮಾಡಿದ್ದರೆ ಎರಡು ಮಾತು ನೆನಪಿಡಿ. ಸಿ ಡ್ರೈವ್ ಒಂದನ್ನೇ ನಕಲು ಮಾಡಿದರೆ ಸಾಲದು, ಅದರ ಜೊತೆಗಿರುವ ಚಿಕ್ಕ ಇಎಫ್‌ಐ ವಿಭಾಗವೂ ಬರಬೇಕು, ಚಾಲೂ ಮಾಡುವ ಕೀಲಿ ಅಲ್ಲೇ ಇರುವುದು. ಮತ್ತೆ, ನಕಲು ಮುಗಿದ ಮೇಲೆ ಹಳೆಯ ಡಿಸ್ಕನ್ನು ಬಿಚ್ಚಿಟ್ಟು ಹೊಸದೊಂದರಿಂದಲೇ ಮೊದಲ ಸಲ ಚಾಲೂ ಮಾಡಿ. ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ಎರಡನ್ನೂ ಒಟ್ಟಿಗೆ ಕಂಡ ವಿಂಡೋಸ್ ಗೊಂದಲಕ್ಕೆ ಬಿದ್ದು ಒಂದನ್ನು ಬದಿಗೆ ಸರಿಸುತ್ತದೆ.

ಬಯೋಸ್ ಪರದೆಯಲ್ಲಿ ಡಿಸ್ಕಿನ ಹೆಸರೇ ಕಾಣದಿದ್ದರೆ ಮೊದಲು ಸಾಟಾ ಕೇಬಲ್ ಬದಲಿಸಿ, ಆಮೇಲೆ ಬೋರ್ಡಿನ ಕಿಂಡಿ ಬದಲಿಸಿ. ಕಂಡೂ ಕಾಣದಂತೆ ಬಂದು ಹೋಗುತ್ತಿದ್ದರೆ ಸ್ಮಾರ್ಟ್‌ನ 199ನೇ ಸಾಲು ನೋಡಿ. ಅದರ ಸಂಖ್ಯೆ ಏರುತ್ತಿದ್ದರೆ ಬಹುತೇಕ ಕೇಬಲಿನದೇ ದೋಷ. ಡಿಸ್ಕು ತಣ್ಣಗಿದ್ದು ಸದ್ದೇ ಇಲ್ಲದಿದ್ದರೆ ಇನ್ನೊಂದು ಸಾಧ್ಯತೆ ಇದೆ. ಸಾಟಾ 3.3 ಆವೃತ್ತಿಯ ನಂತರದ ಕೆಲವು ದೊಡ್ಡ ಡಿಸ್ಕುಗಳು ಮೂರನೇ ಪಿನ್ನಿಗೆ 3.3 ವೋಲ್ಟ್ ಬಂದರೆ ಅದನ್ನು ನಿಲ್ಲು ಎಂಬ ಆಜ್ಞೆಯಾಗಿ ತಿಳಿಯುತ್ತವೆ. ಹಳೆಯ ಎಸ್‌ಎಂಪಿಎಸ್ ಆ ಪಿನ್ನಿಗೆ ಸದಾ 3.3 ವೋಲ್ಟ್ ಕೊಡುತ್ತಲೇ ಇರುತ್ತದೆ. ಮೇಲೆ ಹೇಳಿದ ಮೊಲೆಕ್ಸ್ ಕನೆಕ್ಟರಿನಲ್ಲಿ ಆ ತಂತಿಯೇ ಇರುವುದಿಲ್ಲವಾದ್ದರಿಂದ ಅದರ ಮೂಲಕ ಜೋಡಿಸಿದರೆ ತಿರುಗುತ್ತದೆ. ಒತ್ತಿ ಕೂರಿಸಿದ ಬಗೆಯದನ್ನೇ ಕೊಳ್ಳಿ.

ಹೊಸದೆಂದು ಕೊಟ್ಟದ್ದು ನಿಜಕ್ಕೂ ಹೊಸದೇ ಎಂದೂ ಕೇಳಿಕೊಳ್ಳಿ. ಸ್ಮಾರ್ಟ್‌ನ 9ನೇ ಸಾಲಿನಲ್ಲಿ ಡಿಸ್ಕು ಎಷ್ಟು ಗಂಟೆ ಓಡಿದೆ ಎಂದಿರುತ್ತದೆ, ಹೊಸದಕ್ಕೆ ಅದು ಸೊನ್ನೆಯ ಹತ್ತಿರ ಇರಬೇಕು. 2025ರ ಆರಂಭದಲ್ಲಿ ಜರ್ಮನಿಯಲ್ಲಿ ಬಯಲಾದ ಪ್ರಕರಣದಲ್ಲಿ ಸಾವಿರಾರು ಗಂಟೆ ಓಡಿದ ಸೀಗೇಟ್ ಡಿಸ್ಕುಗಳ ಈ ಲೆಕ್ಕವನ್ನೇ ಯಾರೋ ಅಳಿಸಿ ಹೊಸದೆಂದು ಮಾರಿದ್ದರು. ಡಿಸ್ಕಿನ ಸೀರಿಯಲ್ ಸಂಖ್ಯೆಯನ್ನು ತಯಾರಕರ ತಾಣದಲ್ಲಿ ಹಾಕಿ ವಾರಂಟಿ ಯಾವಾಗಿನಿಂದ ಎಂದು ಕೊಂಡ ದಿನವೇ ನೋಡಿ. ಬಿಲ್ಲು ಕೇಳಿ ಪಡೆಯಿರಿ, ಅದರ ಫೋಟೊ ಮೊಬೈಲಿನಲ್ಲಿರಲಿ.

ಟಕ್ ಟಕ್ ಎಂದು ಒಂದೇ ಲಯದಲ್ಲಿ ಬಡಿಯುವ ಸದ್ದು ಬೇರೆ ಎಸ್‌ಎಂಪಿಎಸ್‌ನಲ್ಲೂ ಬೇರೆ ಕೇಬಲಿನಲ್ಲೂ ಬಂದರೆ, ಅಥವಾ ಸ್ಮಾರ್ಟ್‌ನ 5 ಮತ್ತು 197ನೇ ಸಾಲುಗಳಲ್ಲಿ ಹೊಸ ಡಿಸ್ಕಿಗೇ ಸಂಖ್ಯೆ ಏರುತ್ತಿದ್ದರೆ, ಅದು ನಿಜಕ್ಕೂ ಕೆಟ್ಟ ಡಿಸ್ಕು. ಅದನ್ನು ಸರಿಮಾಡುವ ಪ್ರಯತ್ನ ಬೇಡ, ಅಂಗಡಿಗೆ ಮರಳಿಸಿ. ಗೂಗಲ್‌ನ ಅದೇ ಅಧ್ಯಯನದಲ್ಲಿ, ಮೇಲ್ಮೈ ಓದುವಾಗ ಮೊದಲ ದೋಷ ತೋರಿದ ಡಿಸ್ಕು ಮುಂದಿನ 60 ದಿನದೊಳಗೆ ಕೆಡುವ ಸಂಭವ ದೋಷವಿಲ್ಲದ್ದಕ್ಕಿಂತ 39 ಪಟ್ಟು ಎಂದು ಕಂಡುಬಂತು. ಮುಚ್ಚಳ ಬಿಚ್ಚಬೇಡಿ, ಒಂದು ಧೂಳಿನ ಕಣ ಸಾಕು ತಟ್ಟೆ ಗೀರಲು. ಅದೇ ಮಾದರಿಯ ಬೇರೆ ಡಿಸ್ಕಿನ ಹಲಗೆ ತಂದು ಹಾಕಿದರೂ ಕೆಲಸವಾಗುವುದಿಲ್ಲ, ಪ್ರತಿ ಹಲಗೆಯಲ್ಲೂ ತನ್ನ ತಟ್ಟೆಗೆ ಮಾತ್ರ ಹೊಂದುವ ಅಳತೆಗಳು ಬರೆದಿರುತ್ತವೆ. ಒಳಗೆ ಬೇರೆಲ್ಲೂ ಇಲ್ಲದ ಮಾಹಿತಿ ಇದ್ದರೆ ವಾರಂಟಿಗೆ ಕಳಿಸುವ ಮೊದಲು ಯೋಚಿಸಿ. ಕಂಪನಿ ಬದಲಿ ಡಿಸ್ಕು ಕೊಡುತ್ತದೆ, ಮಾಹಿತಿ ಕೊಡುವುದಿಲ್ಲ.

ಸ್ಮಾರ್ಟ್ ಲೆಕ್ಕ ಸ್ವಚ್ಛವಾಗಿದೆ ಎಂಬುದೂ ಪೂರ್ತಿ ಅಭಯವಲ್ಲ. ಗೂಗಲ್ ನೋಡಿದ ಕೆಟ್ಟ ಡಿಸ್ಕುಗಳಲ್ಲಿ ಶೇಕಡಾ 56ಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಎಚ್ಚರಿಕೆಗಳಲ್ಲಿ ಒಂದನ್ನೂ ತೋರದೆ ಕೆಟ್ಟಿದ್ದವು. ಹೊಸ ಡಿಸ್ಕಿಗೂ ಮೊದಲ ತಿಂಗಳುಗಳು ಪರೀಕ್ಷೆಯ ಕಾಲವೇ. ಹಾಗಾಗಿ ಇಷ್ಟೆಲ್ಲ ಹೇಳಿದ ಮೇಲೂ ನನ್ನ ಭರವಸೆ ಇರುವುದು ಡಿಸ್ಕಿನ ಮೇಲಲ್ಲ, ಪ್ರತಿಯ ಮೇಲೆ. ಕಲ್ಯಾಣದಿಂದ ಶರಣರು ವಚನದ ಕಟ್ಟುಗಳನ್ನು ಹೊತ್ತು ಚನ್ನಬಸವಣ್ಣನವರ ಜೊತೆ ಉಳವಿಗೆ ಬಂದರೆಂದು ನಾವೆಲ್ಲ ಕೇಳುತ್ತ ಬೆಳೆದಿದ್ದೇವೆ. ಆ ವಚನಗಳು ನಮ್ಮ ಕಾಲದವರೆಗೆ ಉಳಿದದ್ದು ಮಠದಲ್ಲೊಂದು, ಮನೆಯಲ್ಲೊಂದು ಎಂದು ಹಲವರು ಓಲೆಯ ಮೇಲೆ ಬರೆದುಕೊಂಡಿದ್ದರಿಂದ. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ಅವನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿಸಲು ಸಾಧ್ಯವಾದದ್ದೂ ಪ್ರತಿಗಳು ಹಲವೆಡೆ ಇದ್ದುದರಿಂದಲೇ. ನಿಮ್ಮ ಸಮಿತಿಯ ನಕ್ಷೆಗಳ ಒಂದು ಪ್ರತಿ ಉಳವಿಯಲ್ಲಿರಲಿ, ಇನ್ನೊಂದು ಜೋಯಿಡಾದಲ್ಲೋ ದಾಂಡೇಲಿಯಲ್ಲೋ ನಂಬಿದವರ ಮನೆಯಲ್ಲಿರಲಿ. ಸಿಗ್ನಲ್ ಸಿಗುವ ಊರಿಗೆ ಹೋದಾಗ ಮುಖ್ಯವಾದ ಕಾಗದಗಳನ್ನಾದರೂ ಇಂಟರ್‌ನೆಟ್ಟಿಗೆ ಏರಿಸಿ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ.

ಶಾಲೆಯ ಗುರುಗಳಿಗೆ, ಅಕ್ಕೋರಿಗೆ ಒಂದು ಕೋರಿಕೆ. ಹೈಸ್ಕೂಲಿನ ಮಕ್ಕಳಿಗೆ ಒಂದು ಕೆಟ್ಟ ಡಿಸ್ಕು, ಒಂದು ಮಲ್ಟಿಮೀಟರ್, ಒಂದು ಉಬುಂಟು ಪೆನ್‌ಡ್ರೈವ್ ಕೊಟ್ಟು ಇದನ್ನೆಲ್ಲ ಕೈಯಿಂದ ಮಾಡಿಸಿ. ಈ ತಾಲ್ಲೂಕಿಗೆ ರಿಪೇರಿಯವರು ಬೇಕು, ಅವರು ಇಲ್ಲಿಂದಲೇ ಬರಬೇಕು.

ದಾಂಡೇಲಿಗೆ ಡಿಸ್ಕು ತರುವಾಗ ಹೊಸದರ ಜೊತೆ ಹಳೆಯದನ್ನೂ ತನ್ನಿ, ಅಡಾಪ್ಟರ್, ಕೇಬಲ್, ಬಿಲ್ಲು ಎಲ್ಲ ಒಂದೇ ಚೀಲದಲ್ಲಿರಲಿ. ಯಾವಾಗ ಕಾಯಿತು, ಆಗ ಪರದೆಯ ಮೇಲೆ ಏನು ಬಂತು, ಎಂಥ ಸದ್ದು ಕೇಳಿತು ಎಂದು ಒಂದು ಚೀಟಿಯಲ್ಲಿ ಬರೆದು ತನ್ನಿ. ಹೊಸ ಡಿಸ್ಕು ಒಂದು ಪೂರ್ತಿ ಮಳೆಗಾಲ ದಾಟುವವರೆಗೆ ದಯವಿಟ್ಟು ಹಳೆಯದನ್ನು ಅಳಿಸಬೇಡಿ.

ಇಂತಿ ನಿಮ್ಮವ,
ದಾಂಡೇಲಿಯ ಒಬ್ಬ ಕಂಪ್ಯೂಟರ್ ರಿಪೇರಿಯವ